ಬೆರಳು ತೆಗೆ ಅಂದವರು

ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ನನಗೆ ಬೇಡವಾದ ಒಂದು ಗಳಿಗೆ ಬಂದೇ ಬರುತ್ತದೆ. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ಎದ್ದು, "ಮೇಡಂ, ನಿಮ್ಮ ಪುಸ್ತಕದಿಂದ ಒಂದು ಪುಟ ಓದಿರಿ" ಅನ್ನುತ್ತಾರೆ. ನಾನು ಒಲ್ಲೆ ಅನ್ನುತ್ತೇನೆ. ಕೆಲವರು ಅದನ್ನು ವಿನಯ ಅಂದುಕೊಳ್ಳುತ್ತಾರೆ, ಹೆಚ್ಚಿನವರು ಕೊಬ್ಬು ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ನಾನೇ ಬರೆದ ಪುಟವನ್ನು ನಾನು ಜನರೆದುರು ಓದಲಾರೆ. ಒಂದು ಸಾಲು ಮುಗಿದು ಕೆಳಗಿನ ಸಾಲಿಗೆ ಇಳಿಯಬೇಕಾದ ಕಣ್ಣು ಅದನ್ನು ದಾಟಿ ಇನ್ನೂ ಕೆಳಗೆ ಇಳಿಯುತ್ತದೆ, ಇಲ್ಲವೇ ಓದಿದ ಸಾಲಿಗೇ ಮರಳಿ ಬಂದು ಕೂರುತ್ತದೆ. ಬೆರಳಿಟ್ಟುಕೊಂಡರೆ ಓದಬಲ್ಲೆ. ಆದರೆ ವೇದಿಕೆ ಮೇಲೆ ಬೆರಳಿಟ್ಟು ಓದುವ ಲೇಖಕಿಯನ್ನು ನೋಡಿ ಸಭೆ ಏನಂದುಕೊಳ್ಳುತ್ತದೆ ಎಂಬುದು ನನಗೆ ಗೊತ್ತು. ಅದನ್ನೆಲ್ಲ ನಾನು ಸಣ್ಣವಳಿದ್ದಾಗಲೇ ಕೇಳಿ ಮುಗಿಸಿದ್ದೇನೆ.

ಸಿಟ್ಟು ಇಳಿದ ಮೇಲೆ ಬರೆಯಬೇಕು ಅಂತ ಹಿರಿಯ ಲೇಖಕರೊಬ್ಬರು ನನಗೆ ಬುದ್ಧಿ ಹೇಳಿದ್ದರು. ಇಳಿಯಲಿ ಅಂತ ಬಹಳ ವರ್ಷ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಗಂಜಿನ, ಅಂದರೆ ಕಾಳುಕಡಿಯ ಪೇಟೆಯ, ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಬ್ಬಾನದು ಹಳೆಯ ಗೋಣಿಚೀಲದ ವ್ಯಾಪಾರ. ಅಂಗಡಿಗಳಿಂದ ಹರಿದ ಚೀಲ ತಂದು, ಮನೆಯಲ್ಲಿ ಹೊಲಿಸಿ, ಅಕ್ಕಿ ಮಿಲ್ಲು ಶೇಂಗಾ ಮಿಲ್ಲುಗಳಿಗೆ ಕೊಡುವುದು. ಅಮ್ಮಾ, ದಾದಿಮಾ, ಓಣಿಯ ಇನ್ನೂ ಕೆಲವು ಹೆಂಗಸರು ಅಂಗಳದಲ್ಲಿ ಕೂತು ದಬ್ಬಣ, ಸುತಳಿ ಹಿಡಿದು ದಿನವಿಡೀ ಹೊಲಿಯುತ್ತಿದ್ದರು. ಚೀಲವನ್ನು ಬಿಸಿಲಿಗೆ ಹಿಡಿದು ತೂತು ಎಲ್ಲಿದೆ ಅಂತ ತೋರಿಸುವುದು ನನ್ನ ಕೆಲಸ. ಅಕ್ಕಿ ಕಾಳು ಸೋರುವಷ್ಟು ಸಣ್ಣ ತೂತನ್ನೂ ನಾನು ಬಿಡುತ್ತಿರಲಿಲ್ಲ. "ಇಸ್ಕಿ ಆಂಖ್ ದೇಖೋ" ಎಂದು ದಾದಿಮಾ ನನ್ನ ಕಣ್ಣನ್ನು ಹೊಗಳಿ, ದೃಷ್ಟಿಯಾದೀತು ಅಂತ ತಾನೇ ನೆಟಿಗೆ ಮುರಿಯುತ್ತಿದ್ದಳು. ಈ ಹೊಗಳಿಕೆಯನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದೇ ಕಣ್ಣಿಗೆ ಊರೆಲ್ಲ ಸೇರಿ ಏನೇನು ಮಾಡಿತು ಅಂತ ಹೇಳಲಿದ್ದೇನೆ.

ಮನೆಮಾತು ದಖನಿ. ಓಣಿಯ ಹುಡುಗಿಯರು ಹೆಚ್ಚಾಗಿ ಉರ್ದು ಶಾಲೆಗೆ ಹೋಗುತ್ತಿದ್ದರು. ಅಬ್ಬಾ ನನ್ನನ್ನು ಕನ್ನಡ ಶಾಲೆಗೆ ಹಾಕಿದ. ನನಗೆ ಅಣ್ಣತಮ್ಮಂದಿರಿಲ್ಲ. ಮಿಲ್ಲಿನ ಸಾವಕಾರರ ವ್ಯವಹಾರವೆಲ್ಲ ಕನ್ನಡದಲ್ಲಿ. ಮನೆಯಲ್ಲಿ ಒಬ್ಬರಾದರೂ ಕನ್ನಡ ಓದಿದವರು ಬೇಕು ಅಂತ ಅವನ ಲೆಕ್ಕ. ನನಗೆ ಲೆಕ್ಕ ಗೊತ್ತಿರಲಿಲ್ಲ, ಶಾಲೆ ಬೇಕಿತ್ತು. ಆ ಪಾಠಗಳು, ಆ ಪದ್ಯಗಳು, ಅಕ್ಕೋರು ದನಿ ಏರಿಸಿ ಇಳಿಸಿ ಕಥೆ ಓದುವ ಮಧ್ಯಾಹ್ನಗಳು ನನಗೆ ಬೇಕಿದ್ದವು. ನಮ್ಮ ಕಡೆ ಮೇಡಂಗೆ ಅಕ್ಕೋರು ಅನ್ನುತ್ತೇವೆ. ದೊಡ್ಡವಳಾದ ಮೇಲೆ ನಾನೂ ಹಾಗೆ ಕುರ್ಚಿ ಮೇಲೆ ಕೂತು ಓದಬೇಕು ಅಂತ ಆಸೆಯಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಶಾಲೆಗೆ ಮೊದಲು, ಬೆಳಿಗ್ಗೆ, ಓಣಿಯ ಕೊನೆಯ ಮನೆಯಲ್ಲಿ ಅರಬ್ಬಿ ಓದು. ಅಲ್ಲಿ ಒಬ್ಬ ಮುದುಕಿ ಹುಡುಗಿಯರಿಗೆ ಖುರಾನು ಓದಲು ಕಲಿಸುತ್ತಿದ್ದಳು. ನಾವು ಅವಳನ್ನು ಉಸ್ತಾನಿಮಾ ಅನ್ನುತ್ತಿದ್ದೆವು. ಅವಳಲ್ಲಿ ಒಂದು ಕಟ್ಟುನಿಟ್ಟಿನ ರೂಢಿ. ಓದಲು ಬರುವ ಪ್ರತಿ ಹುಡುಗಿಯೂ ಜೋಳದ ದಂಟಿನ ಸಿಪ್ಪೆ ಸೀಳಿ, ತೊಳೆದು, ಒಣಗಿಸಿ, ಒಂದು ಸಣ್ಣ ಕಡ್ಡಿ ಮಾಡಿಕೊಂಡು ಬರಬೇಕು. ಅದರ ತುದಿಯನ್ನು ಅಕ್ಷರದ ಕೆಳಗೆ ಇಡಬೇಕು. ಅಕ್ಷರ ಬಾಯಿಂದ ಹೊರಗೆ ಬಂದ ಮೇಲೇ ಕಡ್ಡಿ ಮುಂದೆ ಸರಿಯಬೇಕು. ಕಡ್ಡಿ ಇಲ್ಲದೆ ಬಂದವಳನ್ನು ಅವಳು ವಾಪಸು ಕಳಿಸುತ್ತಿದ್ದಳು. ದೊಡ್ಡ ಹುಡುಗಿಯರೂ ಕಡ್ಡಿ ಹಿಡಿಯುತ್ತಿದ್ದರು, ಉಸ್ತಾನಿಮಾ ಕೂಡ ತಾನು ಓದುವಾಗ ಹಿಡಿಯುತ್ತಿದ್ದಳು. ಅದರಲ್ಲಿ ನಾಚಿಕೆಯ ಮಾತೇ ಇರಲಿಲ್ಲ. ಅಲ್ಲಿ ನಾನು ಎಲ್ಲರಿಗಿಂತ ನಿಧಾನ, ನಿಜ. ಆದರೆ ಓದುತ್ತಿದ್ದೆ.

ಶಾಲೆಯಲ್ಲಿ ರೂಢಿ ಬೇರೆ. ಪುಸ್ತಕದ ಮೇಲೆ ಬೆರಳಿಡುವುದು ಒಂದನೇ ಕ್ಲಾಸಿನವರಿಗೆ ಮಾತ್ರ. ಎರಡಕ್ಕೆ ಬಂದ ಮೇಲೆ ಬೆರಳು ಕಂಡರೆ ಅಕ್ಕೋರ ಪಟ್ಟಿ ಬೆರಳಿನ ಮೇಲೆ ಬೀಳುತ್ತಿತ್ತು.

"ಬೆರಳ ತಗಿ! ಬೆರಳಿಟ್ಟು ಓದೋರು ದಡ್ಡರು. ಕಣ್ಣಾಗ ಓದು, ಕೈಯಾಗ ಅಲ್ಲ."

ಬೆರಳು ತೆಗೆದ ತಕ್ಷಣ ಏನಾಗುತ್ತಿತ್ತು ಅಂತ ಹೇಳುತ್ತೇನೆ, ಯಾಕೆಂದರೆ ಆಗ ಯಾರೂ ಕೇಳಲಿಲ್ಲ. ಅಕ್ಷರಗಳು ಕುಣಿಯುತ್ತವೆ ಅಂತ ಸಿನಿಮಾದವರು ತೋರಿಸುತ್ತಾರೆ. ನನಗೆ ಅವು ಕುಣಿಯುತ್ತಿರಲಿಲ್ಲ. ಇದ್ದಲ್ಲೇ ಇರುತ್ತಿದ್ದವು. ಓಡುತ್ತಿದ್ದದ್ದು ನಾನು. ಒಂದು ಶಬ್ದದ ಮೇಲೆ ನಿಂತು ಅದನ್ನು ಬಿಡಿಸುವಷ್ಟರಲ್ಲಿ ಕಣ್ಣು ಮುಂದೆ ಜಿಗಿದಿರುತ್ತಿತ್ತು. ಹಿಂದಕ್ಕೆ ಎಳೆದು ತಂದರೆ ಬೇಕಾದದ್ದಕ್ಕಿಂತ ಹಿಂದೆ ಬರುತ್ತಿತ್ತು. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಕೂರುತ್ತವೆ. ಅವನ್ನು ನೋಡಲು ಕೆಳಗಿಳಿದ ಕಣ್ಣು ಮರಳಿ ಮೇಲೆ ಹತ್ತದೆ ಕೆಳಗಿನ ಸಾಲಿಗೇ ಜಾರುತ್ತಿತ್ತು. ಒಬ್ಬೊಬ್ಬರು ಒಂದೊಂದು ವಾಕ್ಯ ಓದುವ ಪದ್ಧತಿ. ನನ್ನ ಸರದಿ ಬರುವಾಗ ವಾಕ್ಯ ಎಲ್ಲಿದೆ ಅಂತಲೇ ಗೊತ್ತಿರುತ್ತಿರಲಿಲ್ಲ. ಪಕ್ಕದವಳು ಬೆರಳಿಟ್ಟು ತೋರಿಸಿದರೆ ಅವಳಿಗೂ ಏಟು.

ಹಾಗಾಗಿ ನಾನು ಕಿವಿಯಿಂದ ಓದಲು ಕಲಿತೆ. ಓಣಿಯಲ್ಲಿ ನನಗಿಂತ ಮುಂದಿನ ಕ್ಲಾಸಿನ ಒಬ್ಬ ಹುಡುಗಿಯಿದ್ದಳು. ಸಂಜೆ ಅವಳ ಪಕ್ಕ ಕೂತು, ಅವಳ ಹಳೆಯ ಪುಸ್ತಕದಿಂದ ನನ್ನ ಪಾಠಗಳನ್ನು ಓದಿಸಿಕೊಂಡು, ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಕ್ಲಾಸಿನಲ್ಲಿ ಪುಸ್ತಕ ಹಿಡಿದು, ಕಣ್ಣನ್ನು ಅತ್ತಿಂದಿತ್ತ ಆಡಿಸುತ್ತ, ಗಡಗಡ ಒಪ್ಪಿಸುತ್ತಿದ್ದೆ. ಅಕ್ಕೋರು ಶಹಬಾಸ್ ಅಂದರು. ಎರಡು, ಮೂರನೇ ಕ್ಲಾಸು ಹೀಗೇ ದಾಟಿತು. ನಾಲ್ಕನೆಯದರಲ್ಲಿ ಕೆಟ್ಟಿತು, ಯಾಕೆಂದರೆ ಆ ವರ್ಷ ಪುಸ್ತಕ ಬದಲಾಗಿತ್ತು. ಪಾಠದ ಹೆಸರು ಅದೇ, ಒಳಗಿನ ಮಾತು ಬೇರೆ. ಹಳೆಯ ಪಾಠದಲ್ಲಿ ರೈತ ಎತ್ತು ಮಾರಲು ಸಂತೆಗೆ ಹೋಗುತ್ತಿದ್ದ, ಹೊಸದರಲ್ಲಿ ಅವನು ಸರಕಾರಿ ಬೀಜ ತರಲು ಹೋಗುತ್ತಿದ್ದ. ನಾನು ಎದ್ದು ನಿಂತು, ಪುಸ್ತಕದಲ್ಲಿ ಇಲ್ಲವೇ ಇಲ್ಲದ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಕ್ಕೋರು ನಗಲಿಲ್ಲ. ಇಷ್ಟು ದಿನ ನಾನು ಅವರಿಗೆ ಮೋಸ ಮಾಡಿದೆನೆಂದು ಅವರ ಮುಖ ಕೆಂಪಾಯಿತು. ನನ್ನ ರಟ್ಟೆ ಹಿಡಿದು ಹೆಡ್ ಮಾಸ್ತರರ ಕೋಣೆಗೆ ಒಯ್ದರು.

ಮರುದಿನ ಅಬ್ಬಾನಿಗೆ ಕರೆ ಬಂತು. ಅವನು ತೊಳೆದ ಜುಬ್ಬಾ ಹಾಕಿಕೊಂಡು ಬಂದು, ಕುರ್ಚಿ ತೋರಿಸಿದರೂ ಕೂರದೆ ನಿಂತ. ಓದಿದವರ ಎದುರು ಅಬ್ಬಾ ಯಾವಾಗಲೂ ನಿಂತೇ ಇರುತ್ತಿದ್ದ. ಹೆಡ್ ಮಾಸ್ತರರು ದೇವದುರ್ಗದ ಕಡೆಯ ಒಕ್ಕಲು ಮನೆತನದವರು. ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ನನಗೆ ಪುಸ್ತಕ ಕೊಟ್ಟು ಓದಿಸಿದರು. ನನ್ನ ಕಣ್ಣನ್ನೇ ನೋಡುತ್ತ ಕೂತರು. ಆಮೇಲೆ ಪುಸ್ತಕ ಮುಚ್ಚಿ ಹೇಳಿದರು:

"ಈಕಿ ಕಣ್ಣು ಹಿಂದ ಹಿಂದ ಓಡ್ತಾವ ನೋಡ್ರಿ ಸಾಹೇಬ್ರ. ಮುಂಜಾನಿ ಅರಬ್ಬಿ ಓದಸ್ತೀರೇನು?"

"ಹೌದ್ರೀ."

"ಅಲ್ಲೇ ಅದ ನೋಡ್ರಿ ತಪ್ಪು. ಎಡಗೋಲಿಗಿ ಪಳಗಿಸಿದ ಎತ್ತ ಬಲಗೋಲಿಗಿ ಹೂಡಿದ್ರ ಏನ್ ಆಗ್ತದ? ಅದಕ್ಕ ದಿಕ್ಕ ತಪ್ಪತದ. ಮುಂಜಾನಿ ನೀವು ಬಲಗಡಿಯಿಂದ ಎಡಗಡಿಗಿ ಓಡಸ್ತೀರಿ. ಹತ್ತಕ್ಕ ನಾವು ಎಡಗಡಿಯಿಂದ ಬಲಗಡಿಗಿ ಓಡಸ್ತೀವಿ. ಸಣ್ಣ ಹುಡುಗಿ ಕಣ್ಣು, ಎಷ್ಟಂತ ತಡೀತಾವ? ಒಂದು ಬಿಡಸ್ರಿ. ವರ್ಷದ ಕೊನಿಗಿ ನಾನ ಖುದ್ದ ಓದಿಸಿ ನೋಡ್ತೀನಿ. ಬಂತಂದ್ರ ಮುಂದಿನ ಕ್ಲಾಸು. ಬರಲಿಲ್ಲಂದ್ರ ಮನ್ಯಾಗ ಇರ್ಲಿ ಬಿಡ್ರಿ, ಹೆಣ್ಣ ಹುಡುಗಿ, ಯಾಕ ತ್ರಾಸ ಕೊಡ್ತೀರಿ?"

ಎಷ್ಟು ಅಚ್ಚುಕಟ್ಟಾದ ಮಾತು! ಬೇಸಾಯ ಮಾಡಿದವರಿಗೆ ತಕ್ಷಣ ಒಪ್ಪಿಗೆಯಾಗುವ ಮಾತು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಬಾರದು, ಸರಿ. ಆದರೆ ನನ್ನ ಜೊತೆಗೇ ಅದೇ ಓಣಿಯಿಂದ, ಅದೇ ಉಸ್ತಾನಿಮಾನ ಮನೆಯಿಂದ, ಅದೇ ಕ್ಲಾಸಿಗೆ ಬರುತ್ತಿದ್ದ ಇನ್ನೊಬ್ಬ ಹುಡುಗಿ ಬೆಳಿಗ್ಗೆಯೂ ಗಿಳಿಯಂತೆ ಓದುತ್ತಿದ್ದಳು, ಹತ್ತು ಗಂಟೆಗೂ ಗಿಳಿಯಂತೆ ಓದುತ್ತಿದ್ದಳು. ಅವಳ ಕಣ್ಣಿಗೆ ದಿಕ್ಕು ಯಾಕೆ ತಪ್ಪಲಿಲ್ಲ? ಅವಳು ಆ ಕೋಣೆಯ ಕಿಟಕಿಯ ಆಚೆಗೇ ಕುಂಟಾಬಿಲ್ಲೆ ಆಡುತ್ತಿದ್ದಳು. ಹೆಡ್ ಮಾಸ್ತರರು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು. ಅವರು ತಿರುಗಲಿಲ್ಲ. ಹೇಳುವುದಕ್ಕೆ ಎತ್ತು ಸಿಕ್ಕ ಮೇಲೆ ನೋಡುವುದು ಯಾರಿಗೆ ಬೇಕು?

ಅವರು ಕೆಟ್ಟವರಲ್ಲ, ತಮಗೆ ತಿಳಿದದ್ದನ್ನು ಹೇಳಿದರು ಅಂತ ಈಗ ಕೆಲವರು ನನಗೆ ಸಮಾಧಾನ ಹೇಳುತ್ತಾರೆ. ಒಳ್ಳೆಯವರೇ ಇರಬಹುದು. ಅದರಿಂದ ನನಗೇನು ಬಂತು?

ಮನೆಯಲ್ಲಿ ಜಗಳವಾಯಿತು. ದಾದಿಮಾನ ಲೆಕ್ಕ ಉಲ್ಟಾ. "ಮೈ ಬೋಲೀಚ್ ಥೀ ನಾ!" ಎಂದು ಎದೆ ಬಡಿದುಕೊಂಡಳು. ನಾನು ಆಗಲೇ ಹೇಳಿದ್ದೆ, ಉರ್ದು ಶಾಲೆಗೆ ಹಾಕಿದ್ದರೆ ಎರಡು ಓದೂ ಒಂದೇ ದಿಕ್ಕಿಗೆ ನಡೆಯುತ್ತಿದ್ದವು, ಕೆಡಿಸಿದ್ದು ಕನ್ನಡ, ಬಿಡಿಸಬೇಕಾದದ್ದು ಕನ್ನಡ ಅಂತ ಅವಳ ವಾದ. ಮಸೀದಿಯ ಹತ್ತಿರ ಅಬ್ಬಾ ವಿಚಾರಿಸಿದ ಹಿರಿಯರೂ ಅದನ್ನೇ ಹೇಳಿದರಂತೆ. ಹೀಗೆ ನನ್ನ ಕಣ್ಣಿನ ಎರಡು ಕಡೆ ಎರಡು ಪಕ್ಷ ನಿಂತವು. ಒಬ್ಬರಿಗೆ ಅರಬ್ಬಿ ವಿಷ, ಇನ್ನೊಬ್ಬರಿಗೆ ಕನ್ನಡ ವಿಷ. ಕಣ್ಣು ಎರಡು ದಿಕ್ಕಿಗೆ ಓಡಿ ಕೆಟ್ಟಿದೆ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಒಂದು ಕಡೆ ಕಡ್ಡಿ ಹಿಡಿಸುತ್ತಾರೆ, ಅಲ್ಲಿ ಓದುತ್ತಾಳೆ. ಇನ್ನೊಂದು ಕಡೆ ಬೆರಳು ತೆಗೆಸುತ್ತಾರೆ, ಅಲ್ಲಿ ಓದುವುದಿಲ್ಲ. ಇಷ್ಟು ಸರಳ ಸಂಗತಿ ಒಬ್ಬರ ತಲೆಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಅಬ್ಬಾನಿಗೆ ಹೇಳಿದೆ ಕೂಡ. "ಕಡ್ಡಿ ಇದ್ರ ಬರ್ತದ ಅಬ್ಬಾ" ಅಂದೆ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬೇಡ ಅಂದ.

ಅಬ್ಬಾ ಓದಿದವರ ಮಾತಿಗೆ ತಲೆಬಾಗಿದ. ಅರಬ್ಬಿ ಬಿಡಿಸಿದ. ಉಸ್ತಾನಿಮಾ ಅಮ್ಮಾನ ಹತ್ತಿರ ಬಂದು, ಹುಡುಗಿ ನಿಧಾನಕ್ಕೆ ಓದುತ್ತಿದ್ದಾಳೆ, ನಡುವೆ ನಿಲ್ಲಿಸಬೇಡಿ ಅಂತ ಕೇಳಿಕೊಂಡಳು. ಖುರಾನು ಓದಿ ಮುಗಿಸಿದ ಹುಡುಗಿಗೆ ನಮ್ಮಲ್ಲಿ ಹೂವಿನ ಹಾರ ಹಾಕಿ, ಓಣಿಗೆಲ್ಲ ಸಿಹಿ ಹಂಚುತ್ತಾರೆ. ನನ್ನ ಜೊತೆಯವಳಿಗೆ ಆ ವರ್ಷ ಹಾರ ಬಿತ್ತು. ನಾನು ಸಿಹಿ ತಿಂದು ಬಂದೆ.

ಅರಬ್ಬಿ ಬಿಟ್ಟರೂ ಕನ್ನಡ ಬರಲಿಲ್ಲ. ಬರುವುದಾದರೂ ಹೇಗೆ? ದಿನಕ್ಕೆ ಒಂದು ಹೊತ್ತು ನನ್ನ ಕಣ್ಣಿಗೆ ಸಾಲಿನ ಮೇಲೆ ನಡೆದು ಅಭ್ಯಾಸವಾಗುತ್ತಿದ್ದದ್ದೂ ನಿಂತಿತ್ತು. ಆಗ ಹೊಸ ತೀರ್ಮಾನ ಬಂತು. ಕಣ್ಣಿಗೇ ಕಾಯಿಲೆ. ಅಮ್ಮಾ ಸುರ್ಮಾ ಹಚ್ಚಿದಳು. ನೆರೆಮನೆಯವ್ವ ಹರಳೆಣ್ಣೆ ಹಚ್ಚಿದಳು. ನುಗ್ಗೆಸೊಪ್ಪು ತಿನ್ನಿಸಿ ತಿನ್ನಿಸಿ ಅದರ ವಾಸನೆಗೇ ಓಕರಿಕೆ ಬರುವಂತೆ ಮಾಡಿದರು. ಕೊನೆಗೆ ಅಬ್ಬಾ ರಾಯಚೂರಿನಲ್ಲೇ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ಗೋಡೆಯ ಮೇಲೆ ಒಂದು ಪಟ ತೂಗು ಹಾಕಿದ್ದರು. ಮೇಲೆ ದೊಡ್ಡ ಕನ್ನಡ ಅಕ್ಷರ, ಕೆಳಗೆ ಬರುಬರುತ್ತ ಸಣ್ಣ ಅಕ್ಷರ. ಒಂದು ಕಣ್ಣು ಮುಚ್ಚಿ ಓದು ಅಂದರು. ನಾನು ತೊದಲಿದೆ. ಒಂದು ಅಕ್ಷರ ಹೇಳುವಷ್ಟರಲ್ಲಿ ಮುಂದಿನದು ಯಾವುದು ಅಂತ ತಪ್ಪಿತು. ಸಾಲು ಜಾರಿತು. "ಬೇಗ ಹೇಳು, ಬೇಗ ಹೇಳು" ಅಂದರು. ಬಾಯಿಗೆ ಬಂದದ್ದು ಹೇಳಿದೆ. ಡಾಕ್ಟರು ತಲೆಯಾಡಿಸಿದರು.

"ದೃಷ್ಟಿ ಭಾಳ ಕಡಿಮಿ ಅದರೀ. ಇಷ್ಟು ದಿನ ಏನ್ ಮಾಡಾಕತ್ತಿದ್ರಿ?"

ಓದಲು ಬಾರದ ಹುಡುಗಿಯನ್ನು ಕರೆತಂದು, ಅವಳಿಗೆ ಅಕ್ಷರ ಓದಿಸಿ, ಓದಲಿಲ್ಲ ಅಂತ ಕಣ್ಣು ಕುರುಡು ಅಂದರು! ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಪಟದ ಪಕ್ಕದ ಗೋಡೆಯ ಮೇಲೆ ಹರಿದಾಡುತ್ತಿದ್ದ ಕೆಂಪಿರುವೆಗಳು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಇರುವೆ ಕಾಣುತ್ತದೇನು ಅಂತ ಯಾರೂ ಕೇಳಲಿಲ್ಲ.

ಕನ್ನಡಕ ಬಂತು. ಹಾಕಿಕೊಂಡರೆ ನೆಲ ಓರೆಯಾಗುತ್ತಿತ್ತು, ಮಧ್ಯಾಹ್ನಕ್ಕೆ ತಲೆನೋವು. ಶಾಲೆಯಲ್ಲಿ ಸೋಡಾ ಬುಡ್ಡಿ ಅಂತ ಹೆಸರಿಟ್ಟರು. ಮನೆಯಲ್ಲಿ ಅಮ್ಮಾ, ಇನ್ನು ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ಮೂಗು ಸೊರಸೊರ ಎಳೆಯುತ್ತ, ನೆಂಟರು ಬಂದಾಗಲೆಲ್ಲ ನನ್ನ ಮುಖದಿಂದ ಅದನ್ನು ಕಿತ್ತು ಸೆರಗಿನಲ್ಲಿ ಮುಚ್ಚುತ್ತಿದ್ದಳು. ಚೀಲದ ತೂತುಗಳೂ ಕಾಣದಾದವು. ಆ ಕೆಲಸದಿಂದಲೂ ನನ್ನನ್ನು ತೆಗೆದರು. ದಾದಿಮಾ ನೆಟಿಗೆ ಮುರಿದದ್ದು ಸುಳ್ಳಾಯಿತು.

ಅದೇ ಚಳಿಗಾಲದಲ್ಲಿ ದೇವದುರ್ಗದಲ್ಲಿ ಕಣ್ಣಿನ ಶಿಬಿರ ನಡೆಯಿತು. ಅಮ್ಮಾನ ತವರು ದೇವದುರ್ಗ. ಅವಳ ತಾಯಿ ನಾನಿಮಾಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಅವಳನ್ನು ತೋರಿಸಲು ಅಮ್ಮಾ ಬಸ್ಸಿನಲ್ಲಿ ಹೊರಟಳು, ನನ್ನನ್ನೂ ಕರೆದುಕೊಂಡಳು. ಶಾಲೆಯೊಂದರ ಅಂಗಳದಲ್ಲಿ ಸುತ್ತಲ ಹಳ್ಳಿಗಳ ಮುದುಕ ಮುದುಕಿಯರು ಕೋಲು ಹಿಡಿದು ಸಾಲಾಗಿ ಕೂತಿದ್ದರು. ಅವರಲ್ಲಿ ಅಕ್ಷರ ಬಲ್ಲವರು ಯಾರೂ ಇಲ್ಲದ್ದರಿಂದ ಅಲ್ಲಿಯ ಪಟ ಬೇರೆ. ಅದರಲ್ಲಿ ಅಕ್ಷರವೇ ಇಲ್ಲ. ಬಾಚಣಿಕೆಯಂಥ, ಮೂರು ಹಲ್ಲಿನ ಒಂದೇ ಗುರುತು. ಒಂದು ಕಡೆ ಹಲ್ಲು ಮೇಲಕ್ಕೆ, ಒಂದು ಕಡೆ ಕೆಳಕ್ಕೆ, ಒಂದು ಕಡೆ ಪಕ್ಕಕ್ಕೆ. ಒಬ್ಬ ಹುಡುಗ ಕೋಲಿನಿಂದ ಒಂದೊಂದೇ ಗುರುತನ್ನು ಮುಟ್ಟುತ್ತಿದ್ದ. ಹಲ್ಲು ಯಾವ ಕಡೆ ಇವೆಯೋ ಆ ಕಡೆ ಕೈ ತೋರಿಸಬೇಕು.

ನಾನಿಮಾಗೆ ಮೊದಲ ಗುರುತೂ ಕಾಣಲಿಲ್ಲ. ಅವಳ ಹಿಂದೆ ನಿಂತು ನಾನು ಆಟಕ್ಕೆ ಕೈ ತೋರಿಸುತ್ತ ಹೋದೆ. ಕನ್ನಡಕ ಅಮ್ಮಾನ ಸೆರಗಿನಲ್ಲಿತ್ತು. ಮೇಲೆ, ಕೆಳಗೆ, ಪಕ್ಕಕ್ಕೆ, ಇನ್ನೊಂದು ಪಕ್ಕಕ್ಕೆ. ಕಟ್ಟಕಡೆಯ, ಸೊಳ್ಳೆಯಷ್ಟು ಸಣ್ಣ ಸಾಲಿನವರೆಗೂ ಒಂದೂ ತಪ್ಪಲಿಲ್ಲ. ಅಲ್ಲಿ ಕೂತಿದ್ದ ಡಾಕ್ಟರು, ಬೇರೆ ಊರಿನಿಂದ ಬಂದವರು, ನೋಡಿ ನಕ್ಕರು. ಕಣ್ಣಿಗೆ ಬೆಳಕು ಬಿಟ್ಟು ಪರೀಕ್ಷಿಸಿದರು. ಅಮ್ಮಾ ನಾಚುತ್ತ ಕನ್ನಡಕ ತೆಗೆದು ತೋರಿಸಿದಳು.

"ಇದನ್ನ ಯಾರು ಕೊಟ್ಟರು? ಎಸೆಯಿರಿ ಇದನ್ನ. ಹುಡುಗಿ ಕಣ್ಣು ಹದ್ದಿನ ಕಣ್ಣು."

ನನ್ನ ಎದೆ ಹಗುರಾಯಿತು. ಅಮ್ಮಾ ಕೇಳಲೇಬೇಕಾದ ಪ್ರಶ್ನೆ ಕೇಳಿದಳು. ಆ ಇಡೀ ವರ್ಷದಲ್ಲಿ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು.

"ಕಣ್ಣ ಚೊಲೊ ಇದ್ರ ಓದಾಕ ಯಾಕ ಬರಂಗಿಲ್ರೀ ಮತ್ತ?"

ಡಾಕ್ಟರು ಮುಂದಿನ ಮುದುಕನನ್ನು ಕರೆಯುತ್ತ ಹೇಳಿದರು: "ಅದು ಕಣ್ಣಿನ ರೋಗ ಅಲ್ಲಮ್ಮಾ. ಮೈಗಳ್ಳತನ. ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ."

ಸುತ್ತ ಕೂತವರು ನಕ್ಕರು. ಬಸ್ಸಿನಲ್ಲಿ ಮರಳುವಾಗ ಅಮ್ಮಾ ನನ್ನ ತೊಡೆಗೆ ಚಿವುಟಿದಳು. ಹೋಗುವಾಗ ನಾನು ರೋಗಿಯಾಗಿದ್ದೆ, ಬರುವಾಗ ಕಳ್ಳಿಯಾಗಿದ್ದೆ. ಹೇಳಿ, ಯಾವುದು ಮೇಲು?

ಬಹಳ ವರ್ಷಗಳ ಮೇಲೆ, ತಲೆ ನರೆತ ಮೇಲೆ, ಇದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರಿದೆ ಎಂದು ತಿಳಿಯಿತು. ತಿಳಿದವರೊಬ್ಬರು ಕೂರಿಸಿಕೊಂಡು ವಿವರಿಸಿದರು. ಓದುವಾಗ ಯಾರ ಕಣ್ಣೂ ನೀರಿನಂತೆ ಹರಿಯುವುದಿಲ್ಲವಂತೆ. ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಎಲ್ಲರ ಕಣ್ಣೂ ಆಗೀಗ ಹಿಂದೆ ಬರುತ್ತದೆ. ನನ್ನಂಥವರದು ಹೆಚ್ಚು ಸಲ ನಿಲ್ಲುತ್ತದೆ, ಹೆಚ್ಚು ಸಲ ಹಿಂದೆ ಬರುತ್ತದೆ. ಕಣ್ಣು ತಪ್ಪುವುದರಿಂದ ಓದು ಕೆಡುತ್ತದೋ, ಓದು ಬಿಡಿಸಲು ಕಷ್ಟವಾಗುವುದರಿಂದ ಕಣ್ಣು ಹಿಂದೆ ಹಿಂದೆ ಹುಡುಕಿಕೊಂಡು ಹೋಗುತ್ತದೋ ಎಂಬುದರ ಬಗ್ಗೆ ಅವರವರಲ್ಲೇ ಇನ್ನೂ ವಾದವಿದೆಯಂತೆ. ಇರಲಿ, ವಾದಿಸಲಿ. ಅದು ರೋಗವೂ ಅಲ್ಲ, ಮೈಗಳ್ಳತನವೂ ಅಲ್ಲ, ಎರಡು ದಿಕ್ಕಿನ ಓದಿನಿಂದ ಬಂದದ್ದೂ ಅಲ್ಲ ಅಂತ ಅವರು ಹೇಳಿದಾಗ ನಾನು ಖುಷಿಪಡುತ್ತೇನೆ ಅಂದುಕೊಂಡಿದ್ದರೋ ಏನೋ. ನನಗೆ ಅಳು ಬಂತು, ಸಿಟ್ಟಿನ ಅಳು. ಇದನ್ನು ಅಂದು ಹೇಳಲು ಒಬ್ಬರೂ ಇರಲಿಲ್ಲವಲ್ಲ.

ವರ್ಷದ ಕೊನೆ ಬಂತು. ಹೆಡ್ ಮಾಸ್ತರರು ಮಾತಿಗೆ ತಪ್ಪಲಿಲ್ಲ, ಖುದ್ದು ಓದಿಸಿದರು. ಅಬ್ಬಾ ಅದೇ ತೊಳೆದ ಜುಬ್ಬಾದಲ್ಲಿ ಗೋಡೆಗೆ ಆತು ನಿಂತಿದ್ದ. ಧೈರ್ಯ ಮಾಡಿ ಕೇಳಿದೆ:

"ಬೆರಳ ಇಟ್ಕೊಂಡು ಓದಲೇನ್ರೀ ಸರ? ಬರ್ತದ್ರೀ."

"ನಾಕನೇ ಕ್ಲಾಸಿನ್ಯಾಕಿ ಬೆರಳ ಇಡ್ತಾಳೇನು? ಹಂಗ ಓದೂದು ಓದು ಅಲ್ಲವ್ವಾ. ಕೈ ಹಿಂದ ಕಟ್ಟು."

ಕೈ ಹಿಂದೆ ಕಟ್ಟಿದೆ. ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದು ಸಿಗಲಿಲ್ಲ. ಹುಡುಕಿದೆ. ಸಿಕ್ಕಿತು ಅಂದುಕೊಂಡು ಓದಿದರೆ ಅದು ಮೊದಲಿನದೇ. ಮತ್ತೆ ಓದಿದೆ, ಮತ್ತೆ ಅದೇ. ಹೆಡ್ ಮಾಸ್ತರರು ತಡೆಯಲಿಲ್ಲ. ಅಬ್ಬಾನ ಕಡೆ ನೋಡಿ ಸುಮ್ಮನೆ ಕೈ ಆಡಿಸಿದರು, ನೀವೇ ನೋಡಿರಿ ಎನ್ನುವಂತೆ. ನಾನು ಅದೇ ಸಾಲನ್ನು ಇನ್ನೂ ಓದುತ್ತಲೇ ಇದ್ದೆ. ಅಬ್ಬಾ ಮುಂದೆ ಬಂದು ಪುಸ್ತಕ ಮುಚ್ಚಿದ.

"ಜಾನೇ ದೇ ಬೇಟಾ, ಚಲ್" ಅಂದ. ಹೋಗಲಿ ಬಿಡು, ನಡೆ. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ, ಅವಮಾನವಿತ್ತು. ಬೇಸಿಗೆ ರಜೆ ಮುಗಿದ ಮೇಲೆ ನನ್ನ ಹೆಸರು ಶಾಲೆಯಲ್ಲಿ ಇರಲಿಲ್ಲ.

ಅರಬ್ಬಿ ಓದಾದರೂ ಮರಳಿ ಕೊಡಬಹುದಿತ್ತಲ್ಲ? ಕೊಡಲಿಲ್ಲ. ಕಣ್ಣು ದಣಿದಿದೆ, ಇನ್ನು ಓದಿನ ಗೊಡವೆಯೇ ಬೇಡ ಅಂತ ಎರಡೂ ಪಕ್ಷಗಳು ಈಗ ರಾಜಿಯಾದವು. ನನಗೆ ದಬ್ಬಣ ಕೊಟ್ಟರು. ಶಾಲೆಯ ಗಂಟೆ ಅಂಗಳಕ್ಕೆ ಕೇಳಿಸುತ್ತಿತ್ತು. ಹತ್ತಕ್ಕೆ ಒಮ್ಮೆ, ಐದಕ್ಕೆ ಒಮ್ಮೆ. ಆ ಎರಡು ಗಂಟೆಯ ನಡುವೆ ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಹುಡುಗಿ ಗಂಭೀರವಾದಳು ಅಂತ ಮನೆಯವರಿಗೆ ಸಮಾಧಾನ.

ನಾನು ಓದಲು ಕಲಿತದ್ದು ಆ ಚೀಲಗಳ ಮೇಲೆ. ಪ್ರತಿ ಗೋಣಿಚೀಲದ ಮೇಲೂ ಯಾವುದೋ ಮಿಲ್ಲಿನ ಹೆಸರು, ಊರಿನ ಹೆಸರು, ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು. ಒಂದೇ ಸಾಲು. ಜಾರಿ ಬೀಳಲು ಕೆಳಗೆ ಇನ್ನೊಂದು ಸಾಲೇ ಇಲ್ಲ! ಕನ್ನಡ ಚೀಲ ಬಂದಾಗ ಹೊಲಿಯುತ್ತ ಹೊಲಿಯುತ್ತ ಅಕ್ಷರದ ಮೇಲೆ ಬೆರಳಾಡಿಸಿ ಓದುತ್ತಿದ್ದೆ. ಯಾರೂ ಬೆರಳು ತೆಗೆ ಅನ್ನಲಿಲ್ಲ. ಆಮೇಲೆ ಸಾಮಾನು ಕಟ್ಟಿಕೊಂಡು ಬಂದ ಪತ್ರಿಕೆಯ ಚೂರುಗಳು. ಮೇಲೊಂದು ರಟ್ಟು, ಕೆಳಗೊಂದು ರಟ್ಟು ಇಟ್ಟು, ನಡುವೆ ಒಂದೇ ಸಾಲು ಉಳಿಸಿಕೊಂಡು ಓದುವುದನ್ನು ನಾನೇ ಕಂಡುಕೊಂಡೆ. ವರ್ಷಗಟ್ಟಲೆ ಹಿಡಿಯಿತು. ಬರವಣಿಗೆಯೂ ಹಾಗೇ ಬಂತು, ಕುಂಟುತ್ತ. ಕಷ್ಟಪಟ್ಟು ಕಲಿತೆ ಅಂತ ಇದನ್ನು ದೊಡ್ಡಸ್ತಿಕೆಯಾಗಿ ಹೇಳುತ್ತಿಲ್ಲ. ಶಾಲೆಯಲ್ಲಿ ಕೂತು, ಗೆಳತಿಯರ ನಡುವೆ ಕಲಿಯಬಹುದಾಗಿದ್ದನ್ನು ನಾನು ಗೋಣಿಯ ಧೂಳಿನಲ್ಲಿ ಕೆಮ್ಮುತ್ತ ಕಲಿತೆ ಅಂತ ಹೇಳುತ್ತಿದ್ದೇನೆ.

ಮದುವೆಯಾಗಿ ಮಾನ್ವಿಗೆ ಬಂದೆ. ಗಂಡ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಗಳು ಎರಡನೇ ಕ್ಲಾಸು. 'ಮಗು ಓದುವಾಗ ಸಾಲು ಬಿಡುತ್ತಾಳೆ, ಕಣ್ಣಿನ ಡಾಕ್ಟರಿಗೆ ತೋರಿಸಿರಿ' ಅಂತ ಒಂದು ದಿನ ಶಾಲೆಯಿಂದ ಹೇಳಿಕಳಿಸಿದರು. ಮರುದಿನ ಬೆಳಿಗ್ಗೆಯೇ ಹೋಗಿ ಅವಳ ಅಕ್ಕೋರ ಎದುರು ನಿಂತೆ. ಅಬ್ಬಾನ ಹಾಗಲ್ಲ, ಕುರ್ಚಿ ಎಳೆದುಕೊಂಡು ಕೂತೆ.

"ಡಾಕ್ಟರ ಕಡಿ ಒಯ್ಯಂಗಿಲ್ರೀ. ಆಕಿ ಬೆರಳ ಇಟ್ಕೊಂಡು ಓದ್ಲಿ."

"ರೂಢಿ ಕೆಡ್ತದ್ರೀ. ಮ್ಯಾಗಿನ ಕ್ಲಾಸಿಗಿ ಹೋದ್ರ ಏನ್ ಮಾಡ್ತಾಳ?"

"ಅಲ್ಲೂ ಬೆರಳ ಇಡ್ತಾಳ. ಬೆರಳ ಆಕೀದು, ಪುಸ್ತಕ ಆಕೀದು. ನಿಮಗೇನ್ ತ್ರಾಸ?"

ದನಿ ಏರಿತ್ತು. ಪಕ್ಕದ ಕ್ಲಾಸಿನವರು ಬಾಗಿಲಿಗೆ ಬಂದು ನೋಡಿದರು. ಆ ಅಕ್ಕೋರು ಸಣ್ಣ ವಯಸ್ಸಿನವಳು, ಹೊಸದಾಗಿ ಕೆಲಸಕ್ಕೆ ಬಂದವಳು. ನನ್ನ ಸಿಟ್ಟಿನಲ್ಲಿ ಅವಳಿಗೆ ಸಲ್ಲಬೇಕಾದದ್ದು ಒಂದು ಹಿಡಿ ಮಾತ್ರ, ಉಳಿದದ್ದೆಲ್ಲ ಹಳೆಯದು. ನೋಡೋಣ್ರೀ ಅಂದಳು. ಆಗಲಿ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಆ ವಾರ ಅಬ್ಬಾ, ಅಮ್ಮಾ ಮಾನ್ವಿಯ ನಮ್ಮ ಮನೆಗೆ ಬಂದಿದ್ದರು. ಸಂಜೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಾಗ ನಾನು ಶಾಲೆಯಲ್ಲಿ ಜಗಳ ಮಾಡಿ ಬಂದದ್ದನ್ನು ಹೇಳಿದೆ. ಮಗಳು ಅಬ್ಬಾನ ಪಕ್ಕದಲ್ಲೇ ಕೂತಿದ್ದಳು. ಅಬ್ಬಾ ಅವಳ ತಲೆ ನೇವರಿಸುತ್ತ, ತುಂಬ ಪ್ರೀತಿಯಿಂದ, ಮನೆಯ ಮಾತಿನಲ್ಲಿ ಹೇಳಿದ. ಅದನ್ನು ಕನ್ನಡಕ್ಕೆ ತಂದರೆ ಇಷ್ಟು: "ಯಾಕೆ ಊರ ಜೊತೆ ಜಗಳ? ಕೆಲವರಿಗೆ ಓದು ಒಲಿಯುವುದಿಲ್ಲ ಬಿಡು. ನಿನಗೂ ಒಲಿಯಲಿಲ್ಲ, ಬೇಡ ಅಂತ ನೀನೇ ಬಿಟ್ಟೆ. ಏನು ಕಡಿಮೆಯಾಯಿತು ಈಗ?"

ನನಗೆ ತಪ್ಪು ಕೇಳಿಸಿತೇನೋ ಅನಿಸಿತು.

"ನಾನು ಬಿಡಲಿಲ್ಲ ಅಬ್ಬಾ. ನೀವು ಬಿಡಿಸಿದಿರಿ."

"ನಾನಾ?" ಅಬ್ಬಾ ನಿಜಕ್ಕೂ ಬೆರಗಾದ. ನಟನೆಯಲ್ಲ. ಅವನ ಮುಖ ನನಗೆ ಗೊತ್ತಿಲ್ಲವೇ. ಅಮ್ಮಾನ ಕಡೆ ತಿರುಗಿ ನೋಡಿದ. ಅಮ್ಮಾ ಬಟ್ಟಲು ಕೆಳಗಿಡುತ್ತ ಸಾಕ್ಷಿ ಹೇಳಿದಳು.

"ಹೌ, ತೂಚ್ ನಕ್ಕೋ ಬೋಲಿ." ಹೌದು, ನೀನೇ ಬೇಡ ಅಂದೆ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಇಷ್ಟು ವರ್ಷ ನನ್ನ ಬಗ್ಗೆ ನೆಂಟರಿಗೆ, ಓಣಿಗೆ, ಬೀಗರಿಗೆ ಅವರು ಇದನ್ನೇ ಹೇಳುತ್ತ ಬಂದಿದ್ದರು, ಹೇಳಿ ಹೇಳಿ ತಾವೂ ನಂಬಿದ್ದರು. ಹೆಡ್ ಮಾಸ್ತರರಿಲ್ಲ, ಡಾಕ್ಟರಿಲ್ಲ, ಕೈ ಹಿಂದೆ ಕಟ್ಟಿಸಿದ್ದಿಲ್ಲ, ಪುಸ್ತಕ ಮುಚ್ಚಿದ್ದಿಲ್ಲ. ಒಬ್ಬ ಹುಡುಗಿಗೆ ಶಾಲೆ ಬೇಡವಾಗಿತ್ತು, ಅವಳು ಬಿಟ್ಟಳು. ಅಷ್ಟೇ ಉಳಿದಿತ್ತು. ಕಸಿದುಕೊಂಡದ್ದನ್ನು ಹೇಗೋ ತಡೆದುಕೊಂಡಿದ್ದೆ. ಅದನ್ನು ನಾನೇ ಎಸೆದೆ ಅನ್ನುವುದನ್ನು ತಡೆಯಲು ಆಗಲಿಲ್ಲ. ಕೂಗಬೇಕು ಅನಿಸಿತು. ಅಬ್ಬಾನಿಗೆ ವಯಸ್ಸಾಗಿತ್ತು. ಖಾಲಿ ಬಟ್ಟಲುಗಳನ್ನು ನನ್ನ ಕಡೆ ಎಳೆದುಕೊಂಡೆ.

ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಎದ್ದು ಬಂದು ನನ್ನ ಮೊಣಕಾಲು ಹಿಡಿದು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು:

"ಅಮ್ಮೀ, ಸಾಲ್ಯಾಗಿಂದ ನನ್ನ ಹೆಸರೂ ತಗೀತಾರೇನು?"

"ತಗದು ನೋಡ್ಲಿ" ಅಂದೆ, ಅಬ್ಬಾನಿಗೂ ಕೇಳಿಸುವಷ್ಟು ಗಟ್ಟಿಯಾಗಿ.